ಆಂಟಿವೈರಸ್ ಮುಚ್ಚಿ ಎನ್ನುವ ಕಾವಲುಗಾರ

ಪ್ರಶ್ನೆ: ನಮ್ಮದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು. ಆರು ಜನ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡುತ್ತಾರೆ. ಯಾರು ಎಷ್ಟು ಹೊತ್ತು ಕೆಲಸ ಮಾಡುತ್ತಾರೆಂದು ನೋಡಲು ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡೆ. ಆಂಟಿವೈರಸ್ ಆಫ್ ಮಾಡಿದರೆ ಮಾತ್ರ ಇನ್‌ಸ್ಟಾಲ್ ಆಗುತ್ತದಂತೆ. ಮಾಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಬರೆದಿಡುವುದು, ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಕಳಿಸುವುದು – ಕಳ್ಳ ಸಾಫ್ಟ್‌ವೇರ್ ಮಾಡುವುದೂ ಇದನ್ನೇ. ಹಾಗಾಗಿ ಒಳ್ಳೆಯ ಕಂಪನಿಯ ಸಾಫ್ಟ್‌ವೇರನ್ನೂ ಆಂಟಿವೈರಸ್ ಒಮ್ಮೊಮ್ಮೆ ತಡೆಯುತ್ತದೆ. ಅಷ್ಟಕ್ಕೇ ಅದು ಕೆಟ್ಟದ್ದೆನ್ನಲಾಗದು. ಆದರೆ ಅದಕ್ಕಾಗಿ ಆಂಟಿವೈರಸ್ ಆಫ್ ಮಾಡುವುದಿರಲಿ, ಒಂದು ಫೋಲ್ಡರನ್ನು ಅದರ ತಪಾಸಣೆಯಿಂದ ಬಿಟ್ಟರೂ ಸಾಕು, ನಾಳೆ ಅಲ್ಲಿ ಬೇರೆ ವೈರಸ್ ಬಂದು ಕೂತರೂ ಕೇಳುವವರಿಲ್ಲ.

ನಿಮ್ಮ ಆಫೀಸಿನಲ್ಲಂತೂ ಗ್ರಾಹಕರ ಜಿಎಸ್‌ಟಿ ಪಾಸ್‌ವರ್ಡು, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು ದಿನವಿಡೀ ಪರದೆಯ ಮೇಲಿರುತ್ತವೆ. ಈ ಸಾಫ್ಟ್‌ವೇರ್ ಹಾಕಿದರೆ ಅವೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಆ ಗುಡ್ಡೆ ಯಾರ ಸರ್ವರಿನಲ್ಲಿದೆ, ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಮೊದಲು ಕೇಳಿ. ಬಣ್ಣದ ಗ್ರಾಫುಗಳನ್ನು ಆಮೇಲೆ ನೋಡಿದರಾಯಿತು.

ಆದರೂ ನೋಡಲೇಬೇಕೆಂದಿದ್ದರೆ ಗ್ರಾಹಕರ ಫೈಲಿಲ್ಲದ ಒಂದು ಹಳೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಸೆಟಪ್ ಫೈಲಿನ ಪ್ರಾಪರ್ಟೀಸ್ ತೆರೆದು ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಟ್ಯಾಬ್ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಕೈಬಿಡಿ. ಇದ್ದರೂ ತಯಾರಿಸಿದವರು ಯಾರೆಂದು ತಿಳಿಯಿತು ಅಷ್ಟೆ, ಸುರಕ್ಷಿತ ಎಂದಲ್ಲ. ಇನ್‌ಸ್ಟಾಲ್ ಆದಮೇಲೆ ಬ್ರೌಸರಿನ ಒಂದು ಲಾಗಿನ್ ಪುಟದಲ್ಲಿ ‘ಮಾವಿನಕಾಯಿ123’ ಎಂಬಂಥ ಸುಳ್ಳು ಪಾಸ್‌ವರ್ಡ್ ಹೊಡೆದು ಅದರ ವರದಿ ತೆರೆಯಿರಿ. ಮಾವಿನಕಾಯಿ ಹಾಗೇ ಕಾಣಿಸಿದರೆ ಗ್ರಾಹಕರ ಪಾಸ್‌ವರ್ಡೂ ಹಾಗೇ ಕಾಣಿಸುತ್ತದೆ. ಕೀಲಾಗಿಂಗ್ (ಒತ್ತಿದ ಕೀಗಳನ್ನು ಬರೆದಿಡುವುದು) ಪೂರ್ತಿ ಬಂದ್ ಮಾಡಲು ಆಗದಿದ್ದರೆ ಅದು ನಿಮಗೆ ಬೇಡ. ಬಳಿಕ ವಿಂಡೋಸ್‌ನ ರಿಸೋರ್ಸ್ ಮಾನಿಟರಿನ ನೆಟ್‌ವರ್ಕ್ ಟ್ಯಾಬಿನಲ್ಲಿ ಅದು ಎಷ್ಟು ಡೇಟಾ ಕಳಿಸುತ್ತಿದೆ ಎಂದು ಅರ್ಧ ಗಂಟೆ ಗಮನಿಸಿ. ಕೊನೆಗೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟು, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ‘ಸರ್ವಿಸಸ್’ ಪಟ್ಟಿಯಲ್ಲಿ ಅದರ ಬಾಲ ಉಳಿದಿದೆಯೇ ನೋಡಿ.

ಜಾಗದ ಲೆಕ್ಕವೂ ಇರಲಿ. ಒಂದು ಸ್ಕ್ರೀನ್‌ಶಾಟ್ 250 ಕೆಬಿ ಎಂದುಕೊಂಡರೆ, 10 ನಿಮಿಷಕ್ಕೊಂದರಂತೆ 8 ಗಂಟೆಗೆ 48 ಚಿತ್ರ, ಅಂದರೆ 12 ಎಂಬಿ. ಆರು ಜನಕ್ಕೆ 26 ದಿನಕ್ಕೆ ಹೆಚ್ಚುಕಡಿಮೆ 1.9 ಜಿಬಿ. ನಿಮಿಷಕ್ಕೊಂದು ಎಂದಿಟ್ಟರೆ ಅದರ ಹತ್ತು ಪಟ್ಟು. ಅಷ್ಟನ್ನು ಕೂತು ನೋಡುವವರಾರು?

ಉಪಯೋಗದ ಮಾತಿಗೆ ಬಂದರೆ, ಇಂಥ ಸಾಫ್ಟ್‌ವೇರ್ ತೋರಿಸುವ ‘ಆ್ಯಕ್ಟಿವ್ ಟೈಮ್’ ಎಂಬುದು ಮೌಸ್, ಕೀಬೋರ್ಡ್ ಅಲುಗಿದ ಲೆಕ್ಕ ಮಾತ್ರ. ಬಿಲ್ಲಿನ ಕಟ್ಟು ಹಿಡಿದು ಒಂದೊಂದಾಗಿ ತಾಳೆ ನೋಡುತ್ತಿರುವವರು ಅದರ ಕಣ್ಣಿಗೆ ಸೋಮಾರಿಗಳು. ಸುಮ್ಮನೆ ಮೌಸ್ ಆಡಿಸುವವರು ಶ್ರಮಜೀವಿಗಳು! ನಿಮಗೆ ಬೇಕಿರುವುದು ಕೆಲಸದ ಲೆಕ್ಕವಾದರೆ ಟ್ಯಾಲಿಪ್ರೈಮ್‌ನಲ್ಲೇ ಎಡಿಟ್ ಲಾಗ್ ಇದೆ. ಯಾವ ವೋಚರನ್ನು ಯಾರು, ಯಾವಾಗ ತಿದ್ದಿದರೆಂದು ಅದು ತೋರಿಸುತ್ತದೆ. ಆದರೆ ಆರೂ ಜನಕ್ಕೆ ಬೇರೆ ಬೇರೆ ಯೂಸರ್ ಕೊಟ್ಟಿರಬೇಕು. ಎಲ್ಲರೂ ಒಂದೇ ಲಾಗಿನ್ ಬಳಸಿದರೆ ಅದೂ ದಂಡ.

ಸಮಯವನ್ನೂ ಅಳೆಯಲೇಬೇಕೆಂದಿದ್ದರೆ ಆ್ಯಕ್ಟಿವಿಟಿವಾಚ್ ಎಂಬ ಸಾಫ್ಟ್‌ವೇರ್ ನೋಡಿ. ಉಚಿತ, ಓಪನ್ ಸೋರ್ಸ್ (ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು). ದಾಖಲೆ ಆಯಾ ಕಂಪ್ಯೂಟರಿನಲ್ಲೇ ಇರುತ್ತದೆ. ಮೂಲ ಸೆಟ್ಟಿಂಗಿನಲ್ಲಿ ಬಳಸಿದ ಆ್ಯಪ್, ವಿಂಡೋದ ಹೆಸರು, ಸಮಯ ಮತ್ತು ಕೀಬೋರ್ಡ್, ಮೌಸ್ ಅಲುಗುತ್ತಿದೆಯೇ ಎಂಬುದನ್ನು ಬರೆದಿಡುತ್ತದೆ. ಯಾವುದನ್ನೇ ಹಾಕಿದರೂ ಸಿಬ್ಬಂದಿಗೆ ಮೊದಲೇ ಬರಹದಲ್ಲಿ ತಿಳಿಸಿ.

ಪ್ರಶ್ನೆ: ಮನೆಯಿಂದಲೇ ಕೆಲಸ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ನನ್ನನ್ನು ಗಮನಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಉಡುಪಿ

ಉತ್ತರ: ಪೂರ್ತಿ ತಿಳಿಯದು, ಆದರೆ ಸುಳಿವು ಸಿಗುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ‘ಆ್ಯಕ್ಸೆಸ್ ವರ್ಕ್ ಆರ್ ಸ್ಕೂಲ್’ ತೆರೆದರೆ ಕಂಪನಿಯ ಹಿಡಿತವಿದೆಯೇ ಕಾಣುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆದು, ವಿಳಾಸದ ಪಕ್ಕದ ಚಿಹ್ನೆ ಒತ್ತಿ ಸರ್ಟಿಫಿಕೇಟ್ (ಆ ಸೈಟಿನ ಗುರುತಿನ ಪತ್ರ) ನೋಡಿ. ಅದನ್ನು ಕೊಟ್ಟವರ ಜಾಗದಲ್ಲಿ ನಿಮ್ಮ ಕಂಪನಿಯ ಹೆಸರಿದ್ದರೆ, ಬ್ಯಾಂಕಿನ ಪುಟವೂ ನಡುದಾರಿಯಲ್ಲಿ ಬಿಚ್ಚಿ ಓದಿಸಿಕೊಂಡೇ ಬರುತ್ತಿದೆ ಎಂದರ್ಥ. ಕಾಣಿಸಿದ್ದನ್ನು ನೀವೇ ತೆಗೆದುಹಾಕಲು ಹೋಗಬೇಡಿ, ಲ್ಯಾಪ್‌ಟಾಪ್ ಅವರದು. ನೆಟ್‌ಬ್ಯಾಂಕಿಂಗ್, ಖಾಸಗಿ ಮೇಲ್ ಎಲ್ಲ ಸ್ವಂತ ಫೋನಿನಲ್ಲಿರಲಿ.