ಆಟದಂಗಳ: ಓದುಗರ ಪ್ರಶ್ನೆ, ಓದುಗರ ಉತ್ತರ

ಕಳೆದ ಸಂಚಿಕೆಯಲ್ಲಿ ಸುರತ್ಕಲ್‌ನ ಓದುಗರೊಬ್ಬರು ‘ಎಲ್ಡನ್ ರಿಂಗ್’ ಎಂಬ ವಿಡಿಯೊ ಆಟದಲ್ಲಿ ಮಾರ್ಗಿಟ್ ಎಂಬ ಎದುರಾಳಿಯನ್ನು ದಾಟಲಾಗದೆ ಸೋತಿರುವುದಾಗಿ ಬರೆದು, ತಮ್ಮ ಬೆರಳುಗಳಿಗೆ ಅಷ್ಟು ವೇಗವಿಲ್ಲವೇನೋ ಎಂಬ ಸಂಶಯವನ್ನು ತೋಡಿಕೊಂಡಿದ್ದರು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರುವರಿಯಲ್ಲಿ ಹೊರತಂದ ಈ ಆಟದಲ್ಲಿ ಸುಲಭ, ಕಠಿಣ ಎಂದು ಆರಿಸಿಕೊಳ್ಳುವ ಸೌಲಭ್ಯವೇ ಇಲ್ಲ. ಆ ಪತ್ರಕ್ಕೆ ಕರಾವಳಿಯ ನಾನಾ ಕಡೆಗಳಿಂದ ಉತ್ತರಗಳು ಬಂದಿವೆ, ಜೊತೆಗೆ ಹೊಸ ಪ್ರಶ್ನೆಗಳೂ ಬಂದಿವೆ. ಎಲ್ಲವನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ನಮ್ಮವರು ಸೋಲುತ್ತಿರುವುದು ಬೆರಳಿನ ನಿಧಾನದಿಂದಲ್ಲ, ಹೋಗಬಾರದ ಹೊತ್ತಿಗೆ ಹೋಗಬಾರದ ಕಡೆ ಹೋಗುವುದರಿಂದ.

ಪ್ರಶ್ನೆ: ಮಾರ್ಗಿಟ್‌ನನ್ನು ಸೋಲಿಸುವುದು ಹೇಗೆ? (ಸುರತ್ಕಲ್)

ಉತ್ತರ: ಕುಂದಾಪುರದ ಓದುಗರೊಬ್ಬರು ಒಂದೇ ಸಾಲಿನಲ್ಲಿ ‘ಸದ್ಯಕ್ಕೆ ಅವನನ್ನು ಅಲ್ಲಿಯೇ ಬಿಟ್ಟು ದಕ್ಷಿಣಕ್ಕೆ ಹೋಗಲಿ’ ಎಂದು ಬರೆದಿದ್ದಾರೆ. ಬಂದ ಉತ್ತರಗಳಲ್ಲಿ ಅತ್ಯುತ್ತಮವಾದದ್ದು ಇದೇ. ವಿಶ್ರಾಂತಿಯ ಸ್ಥಳಗಳಾದ ‘ಸೈಟ್ ಆಫ್ ಗ್ರೇಸ್’ಗಳಿಂದ ಹೊಮ್ಮುವ ಚಿನ್ನದ ಬೆಳಕಿನ ಎಳೆ ಮಾರ್ಗಿಟ್ ಕಾಯುತ್ತಿರುವ ಸ್ಟಾರ್ಮ್‌ವೇಲ್ ಕೋಟೆಯತ್ತ ಬೊಟ್ಟುಮಾಡುವುದರಿಂದ, ಹೊಸಬರು ಅದನ್ನು ಆಜ್ಞೆಯೆಂದು ತಿಳಿದು ನೆಟ್ಟಗೆ ಕೋಟೆಯ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅದು ಕಥೆಯ ದಾರಿಯೇ ಹೊರತು ಈಗಲೇ ಹಿಡಿಯಬೇಕಾದ ದಾರಿಯಲ್ಲ. ಆಟ ಆರಂಭವಾಗುವ ಲಿಮ್‌ಗ್ರೇವ್ ಪ್ರದೇಶದ ದಕ್ಷಿಣದ ಸೇತುವೆಯನ್ನು ದಾಟಿದರೆ ವೀಪಿಂಗ್ ಪೆನಿನ್ಸುಲಾ ಎಂಬ ಪ್ರದೇಶ ಸಿಗುತ್ತದೆ. ಅಲ್ಲಿನ ಮೂರು ಪಾಳುಬಿದ್ದ ಚರ್ಚುಗಳಲ್ಲಿ ಒಂದೊಂದು ‘ಸೇಕ್ರೆಡ್ ಟಿಯರ್’ ಇದೆ, ಲಿಮ್‌ಗ್ರೇವ್‌ನ ಥರ್ಡ್ ಚರ್ಚ್ ಆಫ್ ಮರಿಕಾದಲ್ಲಿ ಇನ್ನೊಂದಿದೆ. ಇವುಗಳಿಂದ, ಪ್ರಾಣ ತುಂಬಿಕೊಳ್ಳಲು ಕುಡಿಯುವ ಮದ್ದಿನ ಪ್ರತಿ ಗುಟುಕಿನ ಬಲ ಹೆಚ್ಚುತ್ತದೆ, ದಾರಿಬದಿಯ ಚಿನ್ನದ ಸಸಿಗಳ ಬುಡದಲ್ಲಿ ಸಿಗುವ ‘ಗೋಲ್ಡನ್ ಸೀಡ್’ಗಳಿಂದ ಗುಟುಕುಗಳ ಸಂಖ್ಯೆ ಹೆಚ್ಚುತ್ತದೆ. ಗಣಿಗಳಲ್ಲಿ ಸಿಗುವ ಸ್ಮಿತಿಂಗ್ ಸ್ಟೋನ್‌ಗಳನ್ನು ಆರಿಸಿಕೊಂಡು, ಚರ್ಚ್ ಆಫ್ ಎಲ್ಲೆಯಲ್ಲಿರುವ ಕಮ್ಮಾರನ ಅಡಿಗಲ್ಲಿನ ಮೇಲೆ ಕತ್ತಿಯನ್ನು +3ರವರೆಗೆ ಹರಿತಗೊಳಿಸಿಕೊಂಡು ಮರಳಿದರೆ, ಅದೇ ಮಾರ್ಗಿಟ್ ಎಷ್ಟೋ ಬೇಗ ದಣಿಯುತ್ತಾನೆ.

ಇಷ್ಟಾದರೂ ಅವನ ಕೋಲಿನ ಪೆಟ್ಟನ್ನು ತಪ್ಪಿಸಿಕೊಳ್ಳುವುದು ಇದ್ದೇ ಇದೆ. ಈ ಬಗ್ಗೆ ಮಣಿಪಾಲದ ವಿದ್ಯಾರ್ಥಿಯೊಬ್ಬರು ಎರಡು ಪುಟ ಬರೆದಿದ್ದಾರೆ, ಅದರ ಸಾರ ಹೀಗಿದೆ. ಮಾರ್ಗಿಟ್ ಕೋಲನ್ನು ತಲೆಯ ಮೇಲೆ ಎತ್ತಿ, ಬೇಕೆಂದೇ ಒಂದು ಗಳಿಗೆ ಹಾಗೆಯೇ ತಡೆದು ನಿಲ್ಲುತ್ತಾನೆ. ಚೆಂಡೆಯ ಪೆಟ್ಟಿಗಾಗಿ ಹೆಜ್ಜೆ ಹಿಡಿದು ನಿಂತ ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ ಈ ತಡೆ ಗುರುತು ಸಿಗುತ್ತದೆ. ಕೋಲು ಮೇಲೇರಿದ್ದನ್ನು ಕಂಡೊಡನೆ ಉರುಳಿದವನು, ಅದು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಎದ್ದು ನಿಂತು ಏಟು ತಿನ್ನುತ್ತಾನೆ. ಆದ್ದರಿಂದ ನೋಡಬೇಕಾದದ್ದು ಎತ್ತುವ ಕೈಯನ್ನಲ್ಲ, ಇಳಿಯಲು ಆರಂಭಿಸುವ ಕೈಯನ್ನು. ಉರುಳುವುದೂ ಹಿಂದಕ್ಕಲ್ಲ, ಅವನ ಪಕ್ಕಕ್ಕೆ ಅಥವಾ ಬೆನ್ನಿನ ಕಡೆಗೆ. ದೂರ ಓಡಿ ಮದ್ದು ಕುಡಿಯಲು ಹೊರಟರೆ ಬೆಳಕಿನ ಚೂರಿಯನ್ನು ಎಸೆಯುತ್ತಾನೆ, ಹಾಗಾಗಿ ಅವನ ಉದ್ದನೆಯ ಹೊಡೆತದ ಸರಣಿ ಮುಗಿದ ಮರುಗಳಿಗೆಯಲ್ಲೇ ಕುಡಿಯುವುದು ಕ್ಷೇಮ. ಈ ವಿದ್ಯಾರ್ಥಿಯ ಇನ್ನೊಂದು ಸಲಹೆ ನನಗೆ ಬಹಳ ಹಿಡಿಸಿತು. ಮೊದಲ ಕೆಲವು ಸಲ ಕತ್ತಿಯನ್ನೇ ಬೀಸದೆ, ಎಷ್ಟು ಹೊತ್ತು ಬದುಕಿರಬಲ್ಲೆ ಎಂಬುದನ್ನಷ್ಟೇ ನೋಡಿಕೊಳ್ಳಬೇಕು ಎನ್ನುತ್ತಾರೆ ಅವರು. ಗೆಲ್ಲುವ ಆತುರ ಇಲ್ಲದಿದ್ದಾಗ ಎದುರಾಳಿಯ ಮೈಯ ಚಲನೆ ಕಣ್ಣಿಗೆ ಬೀಳುತ್ತದೆ.

ಮೂಲ್ಕಿಯ ಓದುಗರೊಬ್ಬರು ಅಡ್ಡದಾರಿಯೊಂದನ್ನೂ ತಿಳಿಸಿದ್ದಾರೆ. ಮರ್ಕ್‌ವಾಟರ್ ಗುಹೆಯಲ್ಲಿ ಎದುರಾಗುವ ಪ್ಯಾಚಸ್ ಎಂಬ ಠಕ್ಕನು ಶರಣಾದಾಗ ಕೊಲ್ಲದೆ ಬಿಟ್ಟರೆ, ಅವನು ಅಂಗಡಿ ತೆರೆದು 5000 ರೂನ್‌ಗಳಿಗೆ (ಆಟದಲ್ಲಿ ಕೊಳ್ಳಲೂ ಶಕ್ತಿ ಏರಿಸಲೂ ಬಳಸುವ ಹಣ) ‘ಮಾರ್ಗಿಟ್ಸ್ ಶ್ಯಾಕಲ್’ ಎಂಬ ಸಂಕೋಲೆಯನ್ನು ಮಾರುತ್ತಾನೆ. ಕಾಳಗದ ಮೊದಲ ಭಾಗದಲ್ಲಿ ಅದನ್ನು ಬಳಸಿದರೆ ಮಾರ್ಗಿಟ್ ಕೆಲಹೊತ್ತು ನೆಲಕ್ಕೆ ಅಂಟಿಕೊಂಡು ನಿಲ್ಲುತ್ತಾನೆ. ಆದರೆ ಅವನು ಬೆಳಕಿನ ಸುತ್ತಿಗೆಯನ್ನು ತೆಗೆಯುವ ಎರಡನೆಯ ಭಾಗದಲ್ಲಿ ಸಂಕೋಲೆ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಒಂದೇ ಏಟಿಗೆ ಸಾಯುತ್ತೇನೆ. ಕತ್ತಿಯ ಬಲಕ್ಕೇ ಎಲ್ಲ ರೂನ್‌ಗಳನ್ನೂ ಸುರಿದದ್ದು ಸರಿಯೇ? (ಕದ್ರಿ, ಮಂಗಳೂರು)

ಉತ್ತರ: ಸರಿಯಲ್ಲ. ಪ್ರಾಣಶಕ್ತಿಯ ಅಂಕವಾದ ‘ವಿಗರ್’ ಅನ್ನು ಕಡೆಗಣಿಸುವುದು ಹೊಸಬರ ಸಾಮಾನ್ಯ ಚಾಳಿ. ವಿಗರ್ 25 ಇದ್ದಾಗ ಪ್ರಾಣದ ಅಳತೆ 800 ಇರುತ್ತದೆ, 40ಕ್ಕೆ ಏರಿಸಿದರೆ ಅದು 1450 ಆಗುತ್ತದೆ, 60ಕ್ಕೆ 1900. ಅಲ್ಲಿಂದ 99ರವರೆಗೆ ಏರಿಸಿದರೂ ಸಿಗುವುದು ಬರೇ 200 ಹೆಚ್ಚು. ಅಂದರೆ 40ರವರೆಗಿನ ಏರಿಕೆ ಅತ್ಯಂತ ಲಾಭದ್ದು, 60ರ ಆಚೆಗಿನದು ದುಂದುವೆಚ್ಚ. ಇನ್ನು, ಪತ್ರದಲ್ಲಿ ತಾವು ‘ಮೈತುಂಬ ಕವಚ ತೊಟ್ಟಿದ್ದೇನೆ’ ಎಂದಿದ್ದೀರಿ. ಹೊರುವ ಸಾಮರ್ಥ್ಯದ ಶೇ 70ರಷ್ಟನ್ನು ಭಾರ ಮುಟ್ಟಿದರೆ ಪಾತ್ರವು ಮೂಟೆಯಂತೆ ದೊಪ್ಪನೆ ಉರುಳುತ್ತದೆ. ಅಂಥ ಉರುಳುವಿಕೆಯಿಂದ ಮಾರ್ಗಿಟ್‌ನ ಕೋಲನ್ನು ತಪ್ಪಿಸಿಕೊಳ್ಳುವುದು ಬಲು ಕಷ್ಟ. ಶಿರಸ್ತ್ರಾಣವನ್ನೋ ಎದೆಕವಚವನ್ನೋ ತೆಗೆದಿಟ್ಟು ಭಾರವನ್ನು ಆ ಗೆರೆಯ ಕೆಳಗೆ ಇಳಿಸಿಕೊಳ್ಳಿ.

ಪ್ರಶ್ನೆ: ಆತ್ಮಗಳನ್ನು ಸಹಾಯಕ್ಕೆ ಕರೆಯುವುದು ಮೋಸವಲ್ಲವೇ? ಗೆಳೆಯರು ಹಾಗೆ ಗೆದ್ದದ್ದು ಗೆಲುವೇ ಅಲ್ಲ ಎನ್ನುತ್ತಾರೆ. (ಮಲ್ಪೆ)

ಉತ್ತರ: ಈ ವಿಷಯದಲ್ಲಿ ಓದುಗರಲ್ಲೇ ಎರಡು ಪಕ್ಷಗಳಿವೆ, ಕೆಲವರ ಭಾಷೆ ಅಚ್ಚಿಗೆ ತಕ್ಕುದಾಗಿಲ್ಲ. ಟೊರೆಂಟ್ ಎಂಬ ಕುದುರೆ ದೊರೆತ ಮೇಲೆ ಚರ್ಚ್ ಆಫ್ ಎಲ್ಲೆಗೆ ಮರಳಿದರೆ, ರೆನ್ನಾ ಎಂಬ ಮಾಟಗಾತಿ ತಾನಾಗಿಯೇ ಕರೆಗಂಟೆಯನ್ನೂ ಮೂರು ತೋಳಗಳ ಆತ್ಮಭಸ್ಮವನ್ನೂ ಕೊಡುತ್ತಾಳೆ. ಆಟವನ್ನು ಕಟ್ಟಿದವರೇ ಕೈಗಿತ್ತ ಆಯುಧವನ್ನು ಬಳಸಿದರೆ ಅದು ಮೋಸ ಹೇಗಾಗುತ್ತದೆ? ಆದರೂ ಒಂದು ಮಾತು ನಿಜ. ಎದುರಾಳಿಯು ತೋಳಗಳತ್ತ ತಿರುಗಿದ್ದಾಗ ಬೆನ್ನಿಗೆ ಹೊಡೆಯುವುದನ್ನೇ ರೂಢಿ ಮಾಡಿಕೊಂಡವರು, ತೋಳಗಳು ಸತ್ತ ಮೇಲೆ ಅವನ ಹೊಡೆತಗಳನ್ನು ಮೊದಲ ಬಾರಿಗೆ ನೋಡುತ್ತಿರುವವರಂತೆ ತಬ್ಬಿಬ್ಬಾಗುತ್ತಾರೆ. ಒಬ್ಬರೇ ಹೋಗಿ ಚಲನೆಗಳನ್ನು ಕಲಿತು, ಗೆಲ್ಲಬೇಕೆಂದಾಗ ತೋಳಗಳನ್ನು ಕರೆಯುವುದು ಒಳ್ಳೆಯ ಕ್ರಮ.

ಪ್ರಶ್ನೆ: ಕೆರೆಯ ಬಳಿಯ ಪಾಳುಮನೆಯ ನೆಲಮಾಳಿಗೆಯಲ್ಲಿ ಪೆಟ್ಟಿಗೆ ತೆರೆದೆ. ಹೊಗೆ ಎದ್ದು ಯಾವುದೋ ಗಣಿಯಲ್ಲಿ ಬಿದ್ದಿದ್ದೇನೆ, ನಕ್ಷೆಯಿಂದ ಹೊರಡಲೂ ಆಗುತ್ತಿಲ್ಲ. (ಕಾರ್ಕಳ)

ಉತ್ತರ: ತಾವು ಈಗ ಇರುವುದು ಕೇಲಿಡ್ ಪ್ರದೇಶದ ಸೆಲ್ಲಿಯಾ ಕ್ರಿಸ್ಟಲ್ ಟನಲ್‌ನಲ್ಲಿ. ಗಣಿಯೊಳಗಿಂದ ನಕ್ಷೆಯ ಮೂಲಕ ಪ್ರಯಾಣ ಸಾಧ್ಯವಿಲ್ಲ. ಯಾರೊಡನೆಯೂ ಹೋರಾಡದೆ, ಬಗ್ಗಿ ನಡೆದು ಕೆಲಸಗಾರರ ಬೆನ್ನ ಹಿಂದಿನಿಂದ ಜಾರಿಕೊಂಡು ಹೊರಗಿನ ಆಕಾಶ ಕಂಡ ತಕ್ಷಣ ನಕ್ಷೆ ತೆರೆದು ಲಿಮ್‌ಗ್ರೇವ್‌ಗೆ ಮರಳಿಬಿಡಿ. ಕೈಯಲ್ಲಿರುವ ರೂನ್‌ಗಳ ಆಸೆ ಬಿಡಿ. ಸತ್ತರೆ ಅವು ಸತ್ತ ಜಾಗದಲ್ಲಿ ಬಿದ್ದಿರುತ್ತವೆ, ಅವನ್ನು ತಲುಪುವ ಮೊದಲೇ ಮತ್ತೊಮ್ಮೆ ಸತ್ತರೆ ಶಾಶ್ವತವಾಗಿ ಹೋಗುತ್ತವೆ.

ಪ್ರಶ್ನೆ: ಊಟಕ್ಕೆ ಕರೆದರೆ ಮಗ ‘ನಿಲ್ಲಿಸಲು ಬರುವುದಿಲ್ಲ’ ಎನ್ನುತ್ತಾನೆ. ಇದು ನೆಪವೋ, ನಿಜವೋ? ಮಳೆಗಾಲದಲ್ಲಿ ಕರೆಂಟು ಹೋದರೆ ಮನೆಯಲ್ಲಿ ದೊಡ್ಡ ರಂಪ. (ಉಡುಪಿ)

ಉತ್ತರ: ಮುಕ್ಕಾಲು ಪಾಲು ನಿಜ. ಈ ಆಟದಲ್ಲಿ ಇತರ ಆಟಗಳಲ್ಲಿರುವಂಥ, ಆಟವನ್ನು ನಡುವೆ ತಡೆದು ನಿಲ್ಲಿಸುವ ‘ಪಾಜ್’ ಗುಂಡಿ ಇಲ್ಲ, ಸಾಮಾನುಗಳ ಪಟ್ಟಿಯನ್ನು ತೆರೆದು ಕುಳಿತರೂ ಶತ್ರು ಹೊಡೆಯುತ್ತಲೇ ಇರುತ್ತಾನೆ. ಆದರೆ ಮೆನುವಿನಿಂದ ಆಟವನ್ನು ಮುಚ್ಚಿದರೆ ಇದ್ದ ಸ್ಥಿತಿ ತಾನಾಗಿ ಉಳಿಯುತ್ತದೆ, ಬಯಲಿನಲ್ಲಿದ್ದವನು ಮರಳಿ ಬಂದಾಗ ಬಹುತೇಕ ಅಲ್ಲಿಯೇ ಎದ್ದು ನಿಲ್ಲುತ್ತಾನೆ. ಆದ್ದರಿಂದ ಮಾರ್ಗಿಟ್‌ನಂಥ ದೊಡ್ಡ ಎದುರಾಳಿಯೊಡನೆ ಕಾಳಗ ನಡೆಯುತ್ತಿದ್ದರೆ ಐದು ನಿಮಿಷ ಕೊಡಿ, ಉಳಿದ ಹೊತ್ತಿನಲ್ಲಿ ನೆಪವನ್ನು ಒಪ್ಪಬೇಡಿ. ಕರೆಂಟಿನ ವಿಷಯಕ್ಕೆ ಬಂದರೆ, ಆಷಾಢದ ಗಾಳಿಮಳೆಯಲ್ಲಿ ತಂತಿಯ ಮೇಲೆ ಕೊಂಬೆ ಬೀಳದ ದಿನ ನಮ್ಮಲ್ಲಿ ಅಪರೂಪ. ಆಟ ಆಗಾಗ ತಾನಾಗಿ ದಾಖಲಿಸಿಕೊಳ್ಳುತ್ತಿರುವುದರಿಂದ ಒಂದು ಸಲ ಕತ್ತಲಾದರೆ ಸಾಮಾನ್ಯವಾಗಿ ದೊಡ್ಡ ನಷ್ಟವಾಗುವುದಿಲ್ಲ, ಆದರೆ ದಾಖಲಿಸುವ ಗಳಿಗೆಯಲ್ಲೇ ಯಂತ್ರ ಆರಿದರೆ ಕಡತವೇ ಕೆಡುವ ಅಪಾಯವಿದೆ. ಕಂಪ್ಯೂಟರಿನಲ್ಲಿ ಆಡುವವರು ವಾರಕ್ಕೊಮ್ಮೆಯಾದರೂ ಸೇವ್ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಲಿ. ಸಣ್ಣ ಯುಪಿಎಸ್ ಇದ್ದರೆ ಆಟವನ್ನು ಕ್ರಮವಾಗಿ ಮುಚ್ಚುವಷ್ಟು ಸಮಯ ಸಿಗುತ್ತದೆ.

ಮುಂದಿನ ಸಂಚಿಕೆಗೆ ಬ್ರಹ್ಮಾವರದ ಓದುಗರೊಬ್ಬರ ಪ್ರಶ್ನೆ: ಇದೇ ಆಟದ ಎದುರಾಳಿ ಮಲೇನಿಯಾ ತನ್ನ ಕತ್ತಿ ತಗುಲಿದಾಗಲೆಲ್ಲ ಪ್ರಾಣ ತುಂಬಿಕೊಳ್ಳುತ್ತಾಳೆ, ಏಟನ್ನು ಗುರಾಣಿಯಿಂದ ತಡೆದರೂ ಅವಳಿಗೆ ಲಾಭವೇ. ಗಾಳಿಯಲ್ಲಿ ಏರಿ ಸುತ್ತಿ ಸುತ್ತಿ ಕಡಿಯುವ ಅವಳ ‘ವಾಟರ್‌ಫೌಲ್ ಡ್ಯಾನ್ಸ್’ ಅನ್ನು ಅವಳ ಪಕ್ಕದಲ್ಲೇ ನಿಂತಿದ್ದಾಗ ತಪ್ಪಿಸಿಕೊಂಡವರು ಯಾರಾದರೂ ಇದ್ದೀರಾ? ದೂರದಲ್ಲಿದ್ದಾಗ ಓಡಿ ಪಾರಾಗುವ ಉಪಾಯ ಅವರಿಗೆ ಗೊತ್ತಿದೆ, ಅದನ್ನು ಮತ್ತೆ ಬರೆಯುವುದು ಬೇಡ. ಎಡಕ್ಕೆ ಉರುಳಬೇಕೋ ಬಲಕ್ಕೋ, ಎಷ್ಟನೆಯ ಸುತ್ತಿಗೆ ಅವಳ ಅಡಿಯಿಂದ ನುಸುಳಬೇಕು ಎಂಬುದನ್ನು ಬಿಡಿಸಿ ಬರೆದು ಕಳಿಸಿ.