ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಯಾರಾದರೂ ಕೂತು ಕೇಳಲಿ ಅನಿಸಿದರೆ?

ನಿಮ್ಮ ಪ್ರಶ್ನೆ ಇಷ್ಟು. ಮೈಸೂರಿನಲ್ಲಿ ಕೆಲಸ, ಒಬ್ಬರೇ ಇದ್ದೀರಿ. ನಾಲ್ಕೈದು ತಿಂಗಳಿಂದ ಸಂಜೆಯಾದರೆ ಮನಸ್ಸು ಭಾರ. ಡಾಕ್ಟರ್ ಯಾವ ಕಾಯಿಲೆಯ ಹೆಸರನ್ನೂ ಹೇಳಿಲ್ಲ. ಹೀಗಿರುವಾಗ ಸಹಾಯ ಕೇಳಬಹುದಾ, ಯಾರನ್ನು ಕೇಳುವುದು, ನಿಜವಾಗಿ ಕಷ್ಟದಲ್ಲಿರುವವರ ಸಮಯ ಹಾಳು ಮಾಡಿದ ಹಾಗೆ ಆಗಲ್ವಾ?

ಕೇಳಬಹುದು. ಹಾಳಾಗಲ್ಲ. ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ, ಲೆಕ್ಕ ಬರೆಯುವ ಕೆಲಸದವನು. ಆದರೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಸುಮಾರು ಒಂದು ವರ್ಷ ತಿರುಗಿದ್ದೀನಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವ್ವನಿಗೆ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದಳು. ಬೆಳಗ್ಗೆ ಐದಕ್ಕೆ ಎದ್ದು ಮಗ್ಗುಲು ಬದಲಾಯಿಸಿ, ಮೈ ಒರೆಸಿ, ಗಂಜಿ ಕುಡಿಸಿ ಸ್ಟೇಷನ್ನಿಗೆ ಓಡುತ್ತಿದ್ದೆ. ಉಳಿದದ್ದೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಅವ್ವ ಹೋದಳು. ಹನ್ನೊಂದನೇ ದಿನ ತಿಥಿ. ದೊಡ್ಡವ್ವ, ಅತ್ತೆಯರು ಅವ್ವನ ಒಂದೊಂದೇ ಗುಣ ಎತ್ತಿ ಹಾಡಿಕೊಂಡು ಅತ್ತರು. ನಾನು ಶಾಮಿಯಾನದವನ ದುಡ್ಡು, ಅಡುಗೆಯವರ ದುಡ್ಡು ಎಣಿಸುತ್ತಿದ್ದೆ. ನಮ್ಮ ಕಡೆ ಹೆಂಗಸರಿಗೆ ಅಳುವುದಕ್ಕೆ ಒಂದು ದಾರಿ ಇದೆ. ಗಂಡಸರ ಕೈಗೆ ಆ ಹೊತ್ತಿಗೆ ಲೆಕ್ಕದ ಪುಸ್ತಕ ಕೊಟ್ಟಿರುತ್ತಾರೆ. ಹನ್ನೆರಡನೇ ದಿನದಿಂದ ಯಾರೂ ಏನೂ ಕೇಳಲಿಲ್ಲ. "ಅಕ್ಕ ನರಳಿದ್ದು ಸಾಕಾಗಿತ್ತು ಕಣ್ಲಾ, ಬುಡುಗಡೆ ಆಯ್ತು ಅನ್ಕೊ" ಅಂದರು ಸೋದರಮಾವ. ಅದು ಸುಳ್ಳಲ್ಲ. ನನಗೂ ಹಾಗೇ ಅನಿಸಿತ್ತು. ನನ್ನನ್ನು ತಿನ್ನುತ್ತಿದ್ದದ್ದೂ ಅದೇ.

ಆಮೇಲೂ ಐದಕ್ಕೇ ಎಚ್ಚರ ಆಗುತ್ತಿತ್ತು. ಎದ್ದು ಮಾಡುವುದಕ್ಕೆ ಏನೂ ಇರಲಿಲ್ಲ. ಆಫೀಸಿನ ಕೆಲಸ ನಡೆಯುತ್ತಿತ್ತು, ಊಟ ಸೇರುತ್ತಿತ್ತು, ನಗುವ ಕಡೆ ನಗುತ್ತಿದ್ದೆ. ಮೈ ಮಾತ್ರ ಸುಸ್ತೋ ಸುಸ್ತು. ಕೊನೆಗೆ ಹೋಗಿ ಶುಗರ್, ಥೈರಾಯ್ಡ್, ಬಿ12, ಇಸಿಜಿ ಎಲ್ಲಾ ಮಾಡಿಸಿದೆ. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತ ಕಡಿಮೆ ಇದ್ದರೆ ಸುಸ್ತೂ ಬೇಜಾರೂ ಜೊತೆಗೇ ಬರಬಹುದು. ನನ್ನದು ಎಲ್ಲಾ ನಾರ್ಮಲ್. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದರು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ರಿಪೋರ್ಟಿನ ಕವರ್ ಹಿಡಿದು ಮೆಟ್ಟಿಲು ಇಳಿಯುವಾಗ ನನಗೆ ಖುಷಿ ಆಗಲಿಲ್ಲ, ಬೇಜಾರಾಯಿತು. ಏನಾದರೂ ಬಂದಿದ್ದರೆ ಮನೆಯಲ್ಲಿ ಹೇಳಲು ಒಂದು ಹೆಸರಾದರೂ ಸಿಗುತ್ತಿತ್ತು. ಹೆಸರಿರುವ ಕಾಯಿಲೆಗೆ ಜನ ಎಳನೀರು, ಮೂಸಂಬಿ ಹಿಡಿದು ನೋಡಲು ಬರುತ್ತಾರೆ. "ಯಾಕೋ ಆಗ್ತಿಲ್ಲ" ಅಂದರೆ ಯಾರು ಬರುತ್ತಾರೆ?

ನಿಮ್ಮ ಪ್ರಶ್ನೆಯ ಗಂಟೂ ಅಲ್ಲೇ ಇರಬೇಕು. ನಮ್ಮ ಮಾತಿನಲ್ಲಿ ಒಂದೋ "ಚೆನ್ನಾಗಿದ್ದೀನಿ", ಇಲ್ಲಾ "ತಲೆ ಕೆಟ್ಟಿದೆ". ನಡುವೆ ಇರುವವರು ಏನು ಹೇಳಿಕೊಳ್ಳಬೇಕು? ತಮಾಷೆ ಅಂದರೆ ಡಾಕ್ಟರುಗಳ ಪುಸ್ತಕದಲ್ಲಿ ಆ ನಡುವಿನ ಜಾಗ ಇದೆ. ಇದು ನನಗೆ ತಡವಾಗಿ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-10ರಲ್ಲಿ 'ಝಡ್' ಅಕ್ಷರದ ಒಂದು ಇಡೀ ಅಧ್ಯಾಯ ಇದೆ. ಕಾಯಿಲೆ ಅಲ್ಲದಿದ್ದರೂ ಜನ ಆಸ್ಪತ್ರೆಗೆ ಬರುವ ಕಾರಣಗಳೆಲ್ಲ ಅದರಲ್ಲಿವೆ. ಕೆಲಸದ ತಾಪತ್ರಯ ಝಡ್ 56. ಮನೆಯ ತಾಪತ್ರಯ ಝಡ್ 63, ಮನೆಯವರು ತೀರಿಕೊಂಡದ್ದೂ ಅದರ ಕೆಳಗೇ ಬರುತ್ತದೆ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಸಮಾಧಾನ ಬೇಕಾ? ನನ್ನ ಖರ್ಚು ಬರೆಯುವುದಕ್ಕೂ ಒಂದು ಖಾತೆ ಇತ್ತು!

ಇನ್ನು ಯಾರನ್ನು ಕೇಳುವುದು ಅನ್ನುವ ವಿಷಯ. ನಾನು ಮೊದಲು ಬಾಯಿ ಬಿಟ್ಟದ್ದು ರೈಲಿನಲ್ಲಿ. ಪಾಂಡವಪುರದಲ್ಲಿ ಹತ್ತುವ ಒಬ್ಬರಿದ್ದಾರೆ, ನನಗಿಂತ ಹದಿನೈದು ವರ್ಷ ದೊಡ್ಡವರು. ಅಣ್ಣ ಅಂತಲೇ ಕರೆಯುತ್ತೇನೆ. ಆರು ವರ್ಷದ ಪರಿಚಯದಲ್ಲಿ ಕಬ್ಬಿನ ರೇಟು, ಕಟ್ಟೆಯಲ್ಲಿ ಎಷ್ಟಡಿ ನೀರಿದೆ, ಇಷ್ಟು ಬಿಟ್ಟು ಬೇರೆ ಮಾತೇ ಆಡಿದವರಲ್ಲ ನಾವು. ಅವ್ವನ ಬೂದಿ ಬಿಟ್ಟದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ನಮ್ಮ ರೈಲು ಹೋಗುವಾಗಲೂ ಬರುವಾಗಲೂ ಅದೇ ಕಾವೇರಿ ದಾಟಬೇಕು. ಪ್ರತಿ ಸಲ ಸೇತುವೆ ಬಂದಾಗ ನಾನು ಮೊಬೈಲ್ ನೋಡುತ್ತಾ ಕೂರುತ್ತಿದ್ದೆ. ಒಂದು ಬೆಳಗ್ಗೆ ಹಾಗೆ ಕೂರಲು ಆಗಲಿಲ್ಲ. "ಅಣ್ಣ, ಒಂದು ವಿಷಯ ಹೇಳ್ತೀನಿ. ಬುದ್ಧಿ ಹೇಳಬೇಡಿ. ಮೈಸೂರು ಬರೋವರೆಗೂ ಸುಮ್ನೆ ಕೇಳಿ" ಅಂದೆ. ನಾಗನಹಳ್ಳಿ ಬಂತು, ಮೈಸೂರು ಬಂತು. ಅವರು "ಹೂಂ" ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ "ಸಂಜೆ ಇದೇ ಬೋಗೀಲಿ ಇರ್ತೀನಿ ಕಣಪ್ಪ" ಅಂದರು, ಅಷ್ಟೆ.

ಯೋಚನೆ ಮಾಡಿದರೆ ನಾನು ಗೊತ್ತಿಲ್ಲದೇ ಒಂದು ಸರಿಯಾದ ಕೆಲಸ ಮಾಡಿದ್ದೆ. ಏನು ಬೇಕು, ಏನು ಬೇಡ, ಎಷ್ಟು ಹೊತ್ತು ಅಂತ ಮೊದಲೇ ಹೇಳಿಬಿಟ್ಟಿದ್ದೆ. ನೀವು ಹಾಗೆ ಹೇಳದಿದ್ದರೆ ನಮ್ಮ ಜನ ಪ್ರೀತಿಯಿಂದಲೇ ಶುರು ಮಾಡುತ್ತಾರೆ. ಚಾಮುಂಡಿ ಬೆಟ್ಟ ಹತ್ತು, ಹರಕೆ ಕಟ್ಟಿಕೊ, ಮದುವೆ ಆದರೆ ಎಲ್ಲಾ ಸರಿ ಹೋಗುತ್ತದೆ. ಅವರ ತಪ್ಪಲ್ಲ. ಕಷ್ಟ ಅಂತ ಕೇಳಿದ ಕೂಡಲೇ ಏನಾದರೂ ಕೊಡಬೇಕು ಅನಿಸುತ್ತದೆ, ಕೈಯಲ್ಲಿರುವುದು ಬುದ್ಧಿಮಾತು. ಎದುರುಬದುರು ಕೂರುವುದಕ್ಕಿಂತ ಪಕ್ಕದಲ್ಲಿ ಕೂತು ಅಥವಾ ನಡೆಯುತ್ತಾ ಹೇಳುವುದು ಸುಲಭ. ನಿಮಗೆ ಕುಕ್ಕರಹಳ್ಳಿ ಕೆರೆ ಇದೆ, ಒಬ್ಬರನ್ನು ಕರೆದುಕೊಂಡು ಒಂದು ಸುತ್ತು ಹಾಕಿ.

ಆದರೆ ಎಲ್ಲವನ್ನೂ ಪರಿಚಯದವರಿಗೆ ಹೇಳಲು ಆಗಲ್ಲ. ಅವ್ವ ಹೋದಾಗ ನನಗೆ ಒಂದು ಕ್ಷಣ ಹಗುರ ಅನಿಸಿತ್ತು ಅನ್ನುವುದನ್ನು ಆ ಅಣ್ಣನಿಗೂ ಹೇಳಿರಲಿಲ್ಲ. ಅದನ್ನು ಹೇಳಿದ್ದು 14416ಕ್ಕೆ. ಟೆಲಿ ಮಾನಸ್ ಅಂತ ಅದರ ಹೆಸರು, ಮನಸ್ಸಿನ ಕಷ್ಟ ಕೇಳುವ ಫೋನ್ ಸಹಾಯವಾಣಿ. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹತ್ತೂವರೆಗೆ ತಾರಸಿ ಮೇಲೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ನಿಂತು ಮಾಡಿದೆ. ನನ್ನ ಮೊದಲ ಮಾತು "ಮೇಡಂ, ನನಗೆ ಕಾಯಿಲೆ ಏನೂ ಇಲ್ಲ, ಆದ್ರೂ ಮಾತಾಡಬಹುದಾ" ಅಂತಲೇ. "ಹೇಳಿ ಸಾರ್" ಅಂದರು. ಚೀಟಿ ಕೇಳಲಿಲ್ಲ. ನಿದ್ದೆ, ಊಟ ವಿಚಾರಿಸಿದರು. ಸಾಯಬೇಕು ಅಂತ ಅನಿಸುತ್ತಾ ಅಂತ ನೇರವಾಗಿ ಕೇಳಿದರು. ನಿಮಗೂ ಕೇಳಿದರೆ ಗಾಬರಿ ಬೀಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಆಮೇಲೆ ನಾನು ಆ ಹಗುರದ ವಿಷಯ ಹೇಳಿದೆ. ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದೇನೂ ಬರಲಿಲ್ಲ. "ಬಹಳ ದಿನ ನೋಡಿಕೊಂಡವರು ಇದನ್ನ ಹೇಳ್ತಾರೆ ಸಾರ್" ಅಂದರು, ಹಾಲು ಬೇಕಾ ಮೊಸರು ಬೇಕಾ ಅನ್ನುವಷ್ಟು ಸಲೀಸಾಗಿ. ಆ ಸಲೀಸು ಇದೆಯಲ್ಲ, ಅದು ಮನೆಯವರಿಂದ ಸಿಗುವುದಿಲ್ಲ.

ಎದುರಿಗೇ ಕೂತು ಮಾತಾಡಬೇಕು ಅಂದರೆ ನಿಮಗೆ ಮೈಸೂರಿನಲ್ಲೇ ಕೆ.ಆರ್. ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗ ಅಂತ ಕೇಳಿ. ಮಂಡ್ಯದವರಿಗೆ ಮಿಮ್ಸ್. ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋಚೈತನ್ಯ ಅಂತ ಮಂಗಳವಾರ ನೋಡುವ ಏರ್ಪಾಡು 2014ರಲ್ಲೇ ಶುರುವಾಗಿದೆ, ಹೋಗುವ ಮುಂಚೆ ವಿಚಾರಿಸಿಕೊಂಡು ಹೋಗಿ. ಖಾಸಗಿಯಾಗಿ ಹೋಗುವುದಾದರೆ ಬೋರ್ಡ್ ನೋಡಿ ನುಗ್ಗಬೇಡಿ, ಏನು ಓದಿದ್ದೀರಿ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಕೇಳಿದರೆ ಸಿಟ್ಟಾಗುವವರ ಹತ್ತಿರ ಹೋಗದಿರುವುದೇ ಒಳ್ಳೆಯದು. ಇನ್ನು ಮನೆಯಲ್ಲಿ ಯಾರದಾದರೂ ಕುಡಿತದಿಂದ ನಿಮಗೆ ಕಷ್ಟ ಆಗುತ್ತಿದ್ದರೆ ಅಲ್-ಅನಾನ್ ಅಂತ ಕುಡಿಯುವವರ ಮನೆಯವರಿಗೇ ಇರುವ ಕೂಟ ಇದೆ, ಅಲ್ಲೂ ಯಾರೂ ರಿಪೋರ್ಟ್ ಕೇಳುವುದಿಲ್ಲ.

ಆಫೀಸಿಗೆ ಗೊತ್ತಾದರೆ? ಈ ಹೆದರಿಕೆ ನನಗೂ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುತ್ತದೆ. ಹಿಂದೆ ಚಿಕಿತ್ಸೆ ತೆಗೆದುಕೊಂಡಿದ್ದರು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಮನೋರೋಗಿ ಅನ್ನುವಂತಿಲ್ಲ ಅಂತಲೂ ಅದರಲ್ಲಿದೆ.

ಕಾಯಿಲೆಯ ಹೆಸರು ಯಾವಾಗಲೂ ಬೇಡ ಅಂತ ನಾನು ಹೇಳುತ್ತಿಲ್ಲ. ಮಾತ್ರೆ ಬೇಕಿದ್ದರೆ, ರಜೆ ಬೇಕಿದ್ದರೆ, ಇನ್ಶೂರೆನ್ಸ್ ದುಡ್ಡು ಬರಬೇಕಿದ್ದರೆ ಹೆಸರು ಬೇಕೇ ಬೇಕು. ಹೆಚ್ಚುಕಮ್ಮಿ ದಿನವಿಡೀ ಮಂಕು, ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಇದು ಎರಡು ವಾರ ಬಿಡದೆ ನಡೆದರೆ ಮನೋವೈದ್ಯರನ್ನೇ ನೋಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಲೂಬೇಡಿ, ಅವತ್ತೇ ಫೋನ್ ಮಾಡಿ.

ಬೇರೆಯವರ ಸಮಯದ ಮಾತಿಗೆ ಬರುತ್ತೇನೆ. ನಮ್ಮದು ನಾಲೆಯ ಕೊನೆ ಭಾಗದ ಊರು. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ನಮಗೆ ನೀರು. ಹುಟ್ಟಿದಾಗಿನಿಂದ ಇದನ್ನು ನೋಡಿದವನಿಗೆ ಎಲ್ಲದರಲ್ಲೂ ಸರದಿ ಲೆಕ್ಕ ಹಾಕುವುದು ಅಭ್ಯಾಸ. ನನ್ನ ದುಃಖ ಕಡೆಗೆ ಇರಲಿ, ಮೊದಲು ಜಾಸ್ತಿ ದುಃಖ ಇರುವವರದು ಆಗಲಿ ಅಂತ ಕಾಯುತ್ತಿದ್ದೆ. ಇದನ್ನೂ ಫೋನಿನಲ್ಲಿ ಹೇಳಿದೆ. "ನಿಮಗಿಂತ ಜಾಸ್ತಿ ಕಷ್ಟದವರಿಗೂ ಇದೇ ಅನಿಸುತ್ತೆ ಸಾರ್, ಅವರೂ ಕಾಯ್ತಾ ಇರ್ತಾರೆ" ಅಂದರು.

ನೀವು ಬರೀ "ಸಂಜೆ" ಅಂತ ಬರೆದಿದ್ದೀರಿ. ಆಫೀಸಿನಿಂದ ಹೊರಡುವಾಗಲಾ, ರೂಮಿನ ಬೀಗ ತೆಗೆಯುವಾಗಲಾ, ಊಟಕ್ಕೆ ಒಬ್ಬರೇ ಕೂತಾಗಲಾ? ಎರಡು ದಿನ ಅದನ್ನಷ್ಟೇ ಗಮನಿಸಿ. ಯಾರ ಹತ್ತಿರ ಹೋದರೂ ಮೊದಲ ಮಾತು ಅದೇ ಇರಲಿ. ಇಲ್ಲೇ ಬರೆಯುತ್ತೀನಿ ಅಂದರೂ ಸರಿ, ಸಂಜೆ ರೈಲಿನಲ್ಲಿ ಓದುತ್ತೇನೆ. ಬುದ್ಧಿ ಹೇಳಲ್ಲ.