ಗೆಳತಿಯ ಕರಡು ಸಪ್ಪೆ, ಹೇಗೆ ಹೇಳಲಿ?

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಒಬ್ಬರ ಪ್ರಬಂಧದ ಕರಡನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಬರೆಯಬೇಕು. ನನ್ನ ಗೆಳತಿಯದು ತೀರಾ ಸಪ್ಪೆ. ನಿಜ ಹೇಳಿದರೆ ಮುನಿಸು, ‘ಚೆನ್ನಾಗಿದೆ’ ಅಂದರೆ ಸುಳ್ಳು. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ‘ಸಪ್ಪೆ’ ಅಂತ ಬರೆದರೆ ಅವಳಿಗೆ ಸಿಟ್ಟು ಬರುತ್ತದೆಯೇ ಹೊರತು ಏನು ತಿದ್ದಬೇಕು ಅಂತ ಗೊತ್ತಾಗುವುದಿಲ್ಲ. ‘ಚೆನ್ನಾಗಿದೆ’ ಕೂಡ ಅಷ್ಟೇ ದಂಡ. ಮೊದಲು ಪೆನ್ನು ಕೆಳಗಿಟ್ಟು ಪೂರ್ತಿ ಓದಿ. ಎಲ್ಲಿ ಬೇಜಾರಾಯಿತು, ಎಲ್ಲಿ ಇನ್ನೂ ಬೇಕು ಅನ್ನಿಸಿತು? ಆ ಜಾಗಕ್ಕೇ ಬೆರಳಿಡಿ. ವಿಷಯ ಊರ ಜಾತ್ರೆ ಅಂದುಕೊಳ್ಳಿ. ‘ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕ’ ಅಂತ ಅರ್ಧ ಪುಟ ಎಳೆದು, ಮೂರನೇ ಪ್ಯಾರಾದಲ್ಲಿ ಬತ್ತಾಸಿನ ಅಂಗಡಿ ಮುಂದೆ ನಿಂತು ಚೌಕಾಸಿ ಮಾಡುವ ಅಜ್ಜಿ ಬರುತ್ತಾಳೆ. ಆಗ ಅಂಚಿನಲ್ಲಿ ಹೀಗೆ ಬರೆಯಿರಿ: ‘ಅಜ್ಜಿ ಬಂದ ಮೇಲೆ ಓದೋಕೆ ಮಜಾ ಬಂತು ಕಣೇ, ಅಲ್ಲಿಂದಲೇ ಶುರು ಮಾಡಿದರೆ ಹೇಗೆ? ಅವಳು ಕೊನೆಗೆ ಎಷ್ಟಕ್ಕೆ ಕೊಂಡಳು?’ ಇಂಥ ಪ್ರಶ್ನೆಗೆ ಯಾರೂ ಮುನಿಸಿಕೊಳ್ಳುವುದಿಲ್ಲ, ಅಲ್ವಾ?

ಕಾಗುಣಿತ ಕೊನೆಗೆ ನೋಡಿ. ಕಿತ್ತುಹಾಕುವ ಪ್ಯಾರಾದಲ್ಲಿ ‘ಅಳ್ಳಿ’ಯನ್ನು ‘ಹಳ್ಳಿ’ ಮಾಡಿ ಏನು ಪ್ರಯೋಜನ? ಹಾಗೆಯೇ ಅವಳ ವಾಕ್ಯಗಳನ್ನು ನೀವೇ ಬರೆದುಕೊಡಬೇಡಿ, ಚೆನ್ನಾಗಿ ಬರೆಯುವವರಿಗೆ ಈ ಚಟ ಸ್ವಲ್ಪ ಜಾಸ್ತಿ. ಮುಖ್ಯವಾದ ಎರಡು ಮೂರು ಮಾತು ಸಾಕು, ಪುಟ ತುಂಬ ಕೆಂಪು ಗೀಚಿದರೆ ಯಾವುದೂ ತಲೆಗೆ ಹೋಗುವುದಿಲ್ಲ. ‘ನನಗೆ ಯಾವ ಭಾಗದ ಬಗ್ಗೆ ಅನುಮಾನ’ ಅಂತ ಅವಳನ್ನೇ ಮೊದಲು ಒಂದು ಸಾಲು ಬರೆದುಕೊಡಲು ಹೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.